ಪರಿಮಳವೂ ಮದ್ದೂ

ಮಲ್ಲಿಗೆಯ ಬುಟ್ಟಿಯೊಂದು ಬೀದಿಯಲ್ಲಿ ಹಾದುಹೋದರೆ ಸಾಕು, ನಲವತ್ತು ವರ್ಷಗಳ ಹಿಂದಿನ ಮದುವೆಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಬಾಲ್ಯದ ಹಿತ್ತಿಲನ್ನು ತಂದುಕೊಡುತ್ತದೆ. ಇದಕ್ಕೆ ಶರೀರಶಾಸ್ತ್ರಜ್ಞರು ಹೇಳುವ ಕಾರಣವೂ ಸ್ವಾರಸ್ಯವಾದುದು. ನೋಟ, ಶಬ್ದ, ಸ್ಪರ್ಶಗಳೆಲ್ಲ ಮಿದುಳಿನ ಥಲಾಮಸ್ ಎಂಬ ಹೆಬ್ಬಾಗಿಲನ್ನು ದಾಟಿಯೇ ಒಳಗೆ ಹೋಗಬೇಕು. ವಾಸನೆಯೊಂದು ಮಾತ್ರ ಆ ಬಾಗಿಲಿಗೆ ಕಾಯದೆ ಭಾವನೆ ನೆನಪುಗಳ ನೆಲೆಯನ್ನು ನೇರವಾಗಿ ಸೇರುತ್ತದೆ. ಪರಿಮಳಕ್ಕೂ ಮನಸ್ಸಿಗೂ ನಂಟಿದೆಯೆಂಬುದನ್ನು ಹೀಗಿರುವಾಗ ಯಾರೂ ಅಲ್ಲಗಳೆಯಲಾರರು. ಆದರೆ ನಂಟರೆಲ್ಲ ವೈದ್ಯರಾಗುವುದುಂಟೆ? ಮೈಸೂರಿನ ಹಳೆಯ ಬಡಾವಣೆಯೊಂದರ ನಿವೃತ್ತ ಮೇಷ್ಟ್ರೊಬ್ಬರು ಈ ಪ್ರಶ್ನೆಗೆ ಉತ್ತರ ಕಂಡುಕೊಂಡದ್ದು ತುಸು ಕಷ್ಟದ ದಾರಿಯಲ್ಲಿ.

ಮೇಷ್ಟ್ರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸಿದವರು. ತರಗತಿಯಲ್ಲಿ ಯಾವ ಹುಡುಗ ಏನು ಹೇಳಿದರೂ ಅವರ ಬಾಯಿಂದ ಹೊರಡುತ್ತಿದ್ದ ಮೊದಲ ಮಾತು, "ಆಧಾರ ಏನಯ್ಯಾ?" ಎಂಬುದು. ಶಾಸನವೋ, ಕಡತವೋ, ಕಂಡವರ ಹೇಳಿಕೆಯೋ ಏನಾದರೊಂದು ಬೇಕು. ಇಲ್ಲದಿದ್ದರೆ ಹುಡುಗ ಸುಮ್ಮನೆ ಕುಳಿತುಕೊಳ್ಳಬೇಕು. ಇಂಥ ಮೇಷ್ಟ್ರ ಮಡದಿ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಅವರ ನಿದ್ದೆ ಹಾರಿಹೋಯಿತು. ನಸುಕಿನ ಮೂರು ಗಂಟೆಗೇ ಎಚ್ಚರ. ಊಟ ರುಚಿಸದು. ಪತ್ರಿಕೆ ಬಾಗಿಲಲ್ಲಿ ಬಿದ್ದಂತೆಯೇ ಬಿದ್ದಿರುವುದು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆ ಅಡ್ಡಾಡುತ್ತಿದ್ದ ಗೆಳೆಯರ ಗುಂಪಿನಲ್ಲಿ ಒಬ್ಬರು ಕಡಮೆಯಾದರು. "ವಯಸ್ಸಾಯಿತು" ಎಂದರು ನೆರೆಯವರು. "ವಯಸ್ಸಾಯಿತು" ಎಂದು ಮೇಷ್ಟ್ರೂ ಒಪ್ಪಿಕೊಂಡರು. ಯಾವ ಹೊರೆಯನ್ನು ಹೇರಿದರೂ ಮಾತಿಲ್ಲದೆ ಹೊರುವ ಕತ್ತೆಯಲ್ಲವೆ ವಯಸ್ಸೆಂಬುದು!

ಆಗ ಮನೆಗೆ ಬಂದವನು ದೂರದ ನಂಟನೊಬ್ಬ. ಬರಿಗೈಯಲ್ಲಿ ಬರಲಿಲ್ಲ, ಕೈಚೀಲದಲ್ಲಿ ಹೆಬ್ಬೆರಳುದ್ದದ ಸೀಸೆಗಳಿದ್ದವು. "ಇದು ಅರೋಮಾಥೆರಪಿ, ಮಾವ. ಋಷಿಗಳ ಕಾಲದ್ದು. ರಾತ್ರಿ ಬಿಸಿನೀರಿಗೆ ನಾಲ್ಕು ಹನಿ ಹಾಕಿ ಕುಡಿಯಿರಿ. ಹಣೆಗೂ ಎದೆಗೂ ಹಚ್ಚಿಕೊಳ್ಳಿ. ತಿಂಗಳು ಕಳೆಯಲಿ, ಬಿ.ಪಿ. ಮಾತ್ರೆಯನ್ನೂ ಬಿಟ್ಟುಬಿಡಬಹುದು" ಎಂದ.

ಹಿಂದಿನ ಮೇಷ್ಟ್ರಾಗಿದ್ದರೆ ಅವನನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತಿದ್ದರು. ಸುಗಂಧದ ಬಳಕೆ ಪುರಾತನವಾದುದು, ನಿಜ. ಆದರೆ ಅರೋಮಾಥೆರಪಿಯೆಂಬ ಹೆಸರು ಬಳಕೆಗೆ ಬಂದದ್ದು ಗತ್ತೆಫೋಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1937ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಮೊದಲ ಮಹಾಯುದ್ಧದ ದೆಸೆಯಿಂದ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತುಹೋದಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ತೊಡಗಿದ ಕಥೆಯನ್ನು ಎಷ್ಟು ಸಲ ಪಾಠ ಹೇಳಿದವರು ಅವರು! ತೈಲ ಹೇಗೆ ಹುಟ್ಟುತ್ತದೆ, ಹನಿಯೊಂದರಲ್ಲಿ ಎಷ್ಟು ಸತ್ತ್ವ ಅಡಗಿರುತ್ತದೆ ಎಂಬುದನ್ನು ಬಲ್ಲವರು. ಆದರೂ ಆ ದಿನ ಅವರು ಆಧಾರವನ್ನು ಕೇಳಲಿಲ್ಲ. ಹಣವನ್ನೆಣಿಸಿ ಕೊಟ್ಟು ಸೀಸೆಯನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡರು. ದುಃಖದಲ್ಲಿರುವವನು ಪ್ರಶ್ನೆ ಕೇಳುವುದಿಲ್ಲ. ಮಾರುವವನಿಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು?

ಹದಿನೈದು ದಿನಗಳಲ್ಲಿ ಹೊಟ್ಟೆಯುರಿ ಹಿಡಿಯಿತು, ಎದೆಯ ಮೇಲೆ ಕೆಂಪು ದದ್ದುಗಳೆದ್ದವು. ಬಿ.ಪಿ. ಮಾತ್ರೆ ಬಿಟ್ಟಿದ್ದರಿಂದ ಒಂದು ಬೆಳಿಗ್ಗೆ ತಲೆ ಸುತ್ತಿ, ಗೋಡೆ ಹಿಡಿದು ಕುಳಿತರು. ಸುದ್ದಿ ತಿಳಿದ ಮಗಳು ಬೆಂಗಳೂರಿನಿಂದ ಓಡಿಬಂದು, ಬಡಾವಣೆಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಡಾಕ್ಟರು ಮೇಷ್ಟ್ರ ಹಳೆಯ ಶಿಷ್ಯ.

ಡಾಕ್ಟರು ಸೀಸೆಯನ್ನು ತಿರುಗಿಸಿ ನೋಡಿದರು. ಅದರ ಮೇಲೆ ಕಮಲದ ಚಿತ್ರವಿತ್ತು, ಒಳಗೇನಿದೆಯೆಂಬ ವಿವರವಿರಲಿಲ್ಲ. ಮೂಸಿ ನೋಡಿ, "ನೀಲಗಿರಿ ಎಣ್ಣೆ, ಕರ್ಪೂರ ಸೇರಿದಂತಿದೆ ಮೇಷ್ಟ್ರೇ. ಮನೆಗೆ ಮೊಮ್ಮಗು ಬರುತ್ತದೆಯೇ?" ಎಂದರು. ಬರುತ್ತದೆ, ರಜೆಗೆ ಬಂದರೆ ತಾತನ ಹಾಸಿಗೆಯಲ್ಲೇ ಅದರ ಆಟ. ಡಾಕ್ಟರ ಮುಖ ಗಂಭೀರವಾಯಿತು. ಈ ಎರಡರಲ್ಲಿ ಯಾವುದೇ ಆದರೂ ಎಳೆಯ ಮಗುವಿನ ಹೊಟ್ಟೆಗೆ ತುಸು ಹೋದರೆ ಸಾಕು, ಫಿಟ್ಸ್ ಬರಬಹುದು. ದೊಡ್ಡವರೂ ಇದಕ್ಕೆ ಹೊರತಲ್ಲ. ಇವುಗಳ ಬಳಕೆಗೂ ಫಿಟ್ಸಿಗೂ ಇರುವ ಸಂಬಂಧವನ್ನು ಬೆಂಗಳೂರಿನ ನರರೋಗ ತಜ್ಞರೇ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ತೋರಿಸಿಕೊಟ್ಟಿದ್ದಾರೆ. "ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬಾರದು. ಸೀಸೆಯನ್ನೂ ಕೈಯಲ್ಲಿ ಹಿಡಿದು ನೇರವಾಗಿ ಆಸ್ಪತ್ರೆಗೆ ಓಡಬೇಕು" ಎಂದು ಮಗಳಿಗೆ ತಿಳಿಹೇಳಿದರು.

ಆಮೇಲೆ ಸೀಸೆಯನ್ನು ಬದಿಗಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅದುವರೆಗೆ ಯಾರೂ ಕೇಳದಿದ್ದುದನ್ನು ಕೇಳಿದರು. ನಿದ್ದೆ ಹೋಗಿ ಎಷ್ಟು ದಿನವಾಯಿತು? ಮೊದಲು ಸಂತೋಷ ಕೊಡುತ್ತಿದ್ದ ಯಾವುದಾದರೂ ಈಗಲೂ ಸಂತೋಷ ಕೊಡುತ್ತದೆಯೆ? ಕೊನೆಗೆ ದನಿ ತಗ್ಗಿಸಿ, "ಬದುಕಿದ್ದು ಪ್ರಯೋಜನವಿಲ್ಲ ಎಂದು ಯಾವಾಗಲಾದರೂ ಅನ್ನಿಸಿದ್ದುಂಟೆ ಮೇಷ್ಟ್ರೇ?"

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಉಂಟಪ್ಪಾ" ಎಂದರು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇಂಥ ಪ್ರಶ್ನೆಯನ್ನು ಕೇಳಿದರೆ ಆ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುವುದೆಂದು ಹಲವರು ಅಂಜುತ್ತಾರೆ. ಅದು ತಪ್ಪು ತಿಳಿವಳಿಕೆ. ಕೇಳುವವರಿಲ್ಲದೆ ಒಳಗೇ ಕೊಳೆಯುತ್ತಿದ್ದ ಮಾತು ಹೊರಬಿದ್ದದ್ದೇ ಮೇಷ್ಟ್ರ ಚೇತರಿಕೆಯ ಮೊದಲ ಹೆಜ್ಜೆಯಾಯಿತು. ಡಾಕ್ಟರು ಅದಕ್ಕೆ ಖಿನ್ನತೆಯೆಂಬ ಹೆಸರು ಕೊಟ್ಟು, ಇದು ವಯಸ್ಸಿನ ಗುಣವಲ್ಲ, ವಾಸಿಯಾಗಬಲ್ಲ ಕಾಯಿಲೆಯೆಂದರು. "ನಾನು ಇಷ್ಟರವರೆಗೆ ಬಲ್ಲೆ, ಮುಂದಿನದನ್ನು ಮನೋವೈದ್ಯರು ನೋಡಲಿ" ಎಂದೂ ಹೇಳಿದರು. ತನಗೆ ತಿಳಿಯದುದು ಇಂತಿಷ್ಟೆಂದು ಹೇಳಬಲ್ಲವನೇ ನಂಬತಕ್ಕವನು. ಸೀಸೆ ತಂದವನಿಗಾದರೋ ತಿಳಿಯದ ಸಂಗತಿಯೇ ಇರಲಿಲ್ಲ.

ಮನೋವೈದ್ಯರ ಹೆಸರು ಕೇಳಿ ಮೇಷ್ಟ್ರು ಕುಗ್ಗಿಹೋದರು. ಲೆಕ್ಕ ತಪ್ಪಿದ ಹುಡುಗರಿಗೆ "ನಿನ್ನನ್ನು ನಿಮ್ಹಾನ್ಸಿಗೆ ಸೇರಿಸಬೇಕು" ಎಂದು ತಾವೇ ಎಷ್ಟು ಸಲ ಹಾಸ್ಯ ಮಾಡಿರಲಿಲ್ಲ! ಆ ಹಾಸ್ಯ ಈಗ ತಮ್ಮ ಕಡೆಗೇ ತಿರುಗಿ ನಿಂತಿತ್ತು. ಆದರೆ ಡಾಕ್ಟರು ಬೆಂಗಳೂರಿಗೆ ಕಳುಹಿಸಲಿಲ್ಲ. ಮನಸ್ಸಿನ ಕಾಯಿಲೆಗೆ ಜನರ ಊರ ಬಳಿಯಲ್ಲೇ ಚಿಕಿತ್ಸೆ ಸಿಗಬೇಕೆಂದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿದ್ದು ಅದೇ ನಿಮ್ಹಾನ್ಸ್. 1996ರಲ್ಲಿ ದೇಶದ ಜಿಲ್ಲಾ ಯೋಜನೆಗೆ ಮಾದರಿಯಾದದ್ದು ಆ ಪ್ರಯೋಗವೇ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿಯೇ ಮನೋವೈದ್ಯ ವಿಭಾಗವಿದೆ. ಚಿಕಿತ್ಸೆ ಪಡೆಯುವುದೂ ಅದರ ಗುಟ್ಟು ಕಾಪಾಡಿಕೊಳ್ಳುವುದೂ ರೋಗಿಯ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಡಾಕ್ಟರು ಚೀಟಿಯ ಹಿಂಬದಿಯಲ್ಲಿ 14416 ಎಂದೂ ಬರೆದುಕೊಟ್ಟರು. ಇದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ. ಹಣವಿಲ್ಲ, ಹಗಲುರಾತ್ರಿಯ ಭೇದವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ನಸುಕಿನ ಮೂರು ಗಂಟೆಗೆ ಎಚ್ಚರವಾಗುವವರಿಗೆ ಇದರ ಬೆಲೆ ಗೊತ್ತು.

ಮಗಳಿಗೆ ಇನ್ನೊಂದು ಎಚ್ಚರಿಕೆ ಸಿಕ್ಕಿತು. ಆಪ್ತಸಲಹೆಗಾರನೆಂದು ಬಾಗಿಲಿಗೆ ಹಲಗೆ ತೂಗುಹಾಕುವುದು ಸುಲಭ. ಮನೋವೈದ್ಯನಾದರೆ ವೈದ್ಯ ಪದವಿಯ ಮೇಲೆ ಮನೋರೋಗ ಶಾಸ್ತ್ರವನ್ನು ಓದಿರಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞನಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಿರಬೇಕು. ಕೇಳಿದರೆ ನಿಜವಾದವರು ಮುನಿಯುವುದಿಲ್ಲ.

ದೊಡ್ಡಾಸ್ಪತ್ರೆಯ ಮನೋವೈದ್ಯೆ ಕಡಮೆ ಪ್ರಮಾಣದ ಮಾತ್ರೆ ಕೊಟ್ಟು, ಗುಣ ಕಾಣಲು ಕೆಲವು ವಾರ ಬೇಕೆಂದು ಮೊದಲೇ ತಿಳಿಸಿದರು. ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸಿದರು. ಆಶ್ಚರ್ಯವೆಂದರೆ ಅವರು ಸುಗಂಧವನ್ನು ಹಳಿಯಲಿಲ್ಲ. ಲ್ಯಾವೆಂಡರಿನ ಪರಿಮಳದಿಂದ ಕೆಲವರಿಗೆ ಕಳವಳ ತುಸು ಇಳಿಯುವುದುಂಟು. ಆದರೆ ಅದು ಜೊತೆಗಾರನೇ ಹೊರತು ವೈದ್ಯನಲ್ಲ ಎಂದರು. ಬಳಸುವುದಾದರೆ ಮಾಡಬೇಕಾದುದಿಷ್ಟು: ಕುಡಿಯಬಾರದು. ಬರಿಯ ತೈಲವನ್ನು ಚರ್ಮಕ್ಕೆ ಹಚ್ಚಬಾರದು. ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಒಂದೆರಡು ಹನಿ ಸಾಕು, ಅದನ್ನೂ ಮೊದಲು ಮೊಳಕೈಯ ಒಳಬದಿಗೆ ತುಸುವೇ ಸವರಿ ಒಂದು ದಿನ ಕಾದು ನೋಡಬೇಕು. ನಿಂಬೆಜಾತಿಯ ಕೆಲವು ತೈಲಗಳನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುವುದುಂಟು. ಕೋಣೆಯಲ್ಲಿ ಹರಡುವುದಾದರೆ ಕಿಟಕಿ ತೆರೆದಿಟ್ಟು ಅರ್ಧ ಗಂಟೆ, ಅಷ್ಟೆ. ಉಬ್ಬಸದವರು, ಫಿಟ್ಸ್ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಸೀಸೆ ಮಕ್ಕಳ ಕೈಗೂ ಒಲೆಯ ಉರಿಗೂ ದೂರವಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ನಂಬಿ ಮಾತ್ರೆ ಬಿಡಬಾರದು.

ಮೂರು ತಿಂಗಳು ಕಳೆದವು. ನಿದ್ದೆ ಮೊದಲು ಬಂತು, ಹಸಿವು ಆಮೇಲೆ. ಕೆರೆಯ ಏರಿಯ ಗುಂಪು ಮತ್ತೆ ಭರ್ತಿಯಾಯಿತು. ಮಡದಿ ಹೋದ ಮೇಲೆ ಮೇಷ್ಟ್ರ ಬಾಗಿಲಿಗೆ ಬರುವುದನ್ನೇ ಬಿಟ್ಟಿದ್ದ ಹೂವಿನವಳನ್ನು ಒಂದು ಸಂಜೆ ಅವರೇ ಕೂಗಿ ಕರೆದು, ಒಂದು ಮೊಳ ಮಲ್ಲಿಗೆ ಕೊಂಡು ಪಟಕ್ಕೆ ಮುಡಿಸಿದರು. ಮನೆಯೆಲ್ಲ ಪರಿಮಳ ತುಂಬಿತು. ಮೇಷ್ಟ್ರು ಅತ್ತರು. ಅಳು ಕೂಡ ಮರೆತುಹೋಗಿದ್ದವರಿಗೆ ಅದೂ ಒಂದು ಬಗೆಯ ಆರೋಗ್ಯವೇ.

ಮರುವಾರ ಆ ನಂಟ ಮತ್ತೆ ಬಂದ, ಹೊಸ ಸೀಸೆಯೊಡನೆ. ಇದು ಮೊದಲಿನದಕ್ಕಿಂತ ಉತ್ತಮವಾದುದು, ಮಾತ್ರೆಯ ಅಗತ್ಯವೇ ಬೀಳದು ಎಂದ. ಮೇಷ್ಟ್ರು ಅವನನ್ನು ಕೂರಿಸಿ, ಕಾಫಿ ಕೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಕೇಳಿದರು:

"ಆಧಾರ ಏನಯ್ಯಾ?"