ನಾಟಕದ ಡಿಗ್ರಿಗೆ ಇಎಂಐ ಎಷ್ಟು?

ಬೆಂಗಳೂರಲ್ಲಿ ಕೆಲಸ ಮಾಡೋ ನಮಗೆಲ್ಲ ಇಎಂಐ ಹೊಸದೇನಲ್ಲ. ಮನೆಗೊಂದು, ಕಾರಿಗೊಂದು, ಕೆಲವರಿಗೆ ಕೈಲಿರೋ ಫೋನಿಗೂ ಒಂದು. ಆದರೆ ನಾಟಕ ಕಲಿಯೋಕೆ ಇಎಂಐ ಕಟ್ಟೋದು ಅಂದಾಗ ನಾನೂ ಸ್ವಲ್ಪ ತಡೆದು ಕೂತೆ.

ವಿಷಯ ಇಷ್ಟು. ಹೊಸನಗರದ ಹತ್ತಿರದ ಹಳ್ಳಿಯಲ್ಲಿರೋ ನನ್ನ ಅಕ್ಕನ ಮಗಳು ಪಿಯುಸಿ ಮುಗಿಸಿದ್ದಾಳೆ. ಬೆಂಗಳೂರಿನ ಖಾಸಗಿ ಯೂನಿವರ್ಸಿಟಿಯೊಂದರಲ್ಲಿ ರಂಗಭೂಮಿ ಡಿಗ್ರಿ ಮಾಡ್ತೀನಿ ಅಂತಾಳೆ. ಫೀಸು, ಹಾಸ್ಟೆಲ್ಲು ಸೇರಿ ನಾಲ್ಕು ವರ್ಷಕ್ಕೆ 12 ಲಕ್ಷ. ಸಾಲದ ಕಾಗದಕ್ಕೆ ಭಾವನ ಜೊತೆ ನಾನೂ ಸಹಿ ಹಾಕಬೇಕು. ಭಾವ ಫೋನಲ್ಲಿ, "ನಾನು ಬೇಡ ಅಂದ್ರೆ ಅಪ್ಪನಿಗೆ ಕಲೆ ಗೊತ್ತಿಲ್ಲ ಅಂತಾಳೆ. ನೀನು ಲೆಕ್ಕ ಬಲ್ಲವ, ನೀನೇ ಹೇಳು ಮಾರಾಯ" ಅಂದರು.

ಸರಿ, ಲೆಕ್ಕ. 12 ಲಕ್ಷಕ್ಕೆ ಶೇ. 10ರ ಬಡ್ಡಿ, 10 ವರ್ಷದ ಅವಧಿ ಅಂದರೆ ತಿಂಗಳಿಗೆ ಸುಮಾರು 15,860 ರೂಪಾಯಿ. ಒಟ್ಟು ಕಟ್ಟೋದು 19 ಲಕ್ಷ. ಓದುವಾಗ ಕಂತು ಇಲ್ಲ ನಿಜ, ಆದರೆ ಬಡ್ಡಿ ಓಡ್ತಾನೇ ಇರುತ್ತೆ, ಕಟ್ಟದಿದ್ದರೆ ಅಸಲಿಗೆ ಸೇರಿಕೊಳ್ಳುತ್ತೆ. ಡಿಗ್ರಿ ಮುಗಿಸಿದ ಹುಡುಗಿಗೆ ತಿಂಗಳಿಗೆ 20 ಸಾವಿರ, ಅದೂ ವರ್ಷದ ಹನ್ನೆರಡೂ ತಿಂಗಳು ಸಿಗುತ್ತೆ ಅಂತಲೇ ಇಟ್ಕೊಳ್ಳಿ. ಕಂತು ಹೋದಮೇಲೆ ಉಳಿಯೋದು 4,140. ಬೆಂಗಳೂರಲ್ಲಿ ಅದು ಪಿಜಿ ಬಾಡಿಗೆಗೂ ಸಾಲದು.

ಇದು ನಮ್ಮೊಬ್ಬರ ಕಥೆ ಅಲ್ಲ. 2017ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಹಾರ್ವರ್ಡ್‌ನ ಎರಡು ವರ್ಷದ ರಂಗ ತರಬೇತಿ ಕೋರ್ಸನ್ನೇ ಸಾಲದ ಲೆಕ್ಕದಲ್ಲಿ ಫೇಲ್ ಮಾಡಿತ್ತು. ಅಲ್ಲಿ ಕಲಿತವರ ಸಾಲ ಸರಾಸರಿ 78 ಸಾವಿರ ಡಾಲರ್, ವರ್ಷದ ಗಳಿಕೆ ಸುಮಾರು 36 ಸಾವಿರ. ಆ ಕೋರ್ಸಿಗೆ ಹೊಸಬರನ್ನು ಸೇರಿಸಿಕೊಳ್ಳೋದನ್ನೇ ನಿಲ್ಲಿಸಿದರು. ಸಾಲ ವರ್ಷದ ಗಳಿಕೆಯ ಎರಡು ಪಟ್ಟು ಇದ್ದಾಗ ಅಲ್ಲಿ ಫೇಲು. ನಮ್ಮ ಹುಡುಗಿಯದು ಬಡ್ಡಿ ಬಿಟ್ಟೇ ಐದು ಪಟ್ಟು. 2021ರಲ್ಲಿ ಯೇಲ್‌ನ ನಾಟಕ ಶಾಲೆಗೆ ಡೇವಿಡ್ ಗೆಫೆನ್ 15 ಕೋಟಿ ಡಾಲರ್ ಕೊಟ್ಟಾಗ ಅವರು ಮಾಡಿದ್ದೇನು? ಬೋಧನಾ ಶುಲ್ಕವನ್ನೇ ತೆಗೆದರು. ನಾಟಕ ಕಲಿಯೋರ ಮೇಲೆ ಸಾಲ ಹೊರಿಸಬಾರದು ಅನ್ನೋದು ಅವರಿಗೂ ಅರ್ಥ ಆಗಿತ್ತು.

ತಮಾಷೆ ಅಂದರೆ, ಅದನ್ನು ನಮ್ಮ ಸೀಮೆಯವರು ಬಹಳ ಮೊದಲೇ ಅರ್ಥ ಮಾಡಿಕೊಂಡಿದ್ದರು. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಊರವರೇ ಕಟ್ಟಿಕೊಂಡ ಸಂಘ ನೀನಾಸಂ. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯ್ತು, 1985ರಲ್ಲಿ ತಿರುಗಾಟ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂತು, ಅದು ಎಲ್ಲರಿಗೂ ಗೊತ್ತು. ನನಗೆ ಮುಖ್ಯ ಅನಿಸೋದು ಅಲ್ಲಿನ ಏರ್ಪಾಡು. ಕೋರ್ಸು ನಾಲ್ಕು ವರ್ಷ ಎಳೆಯೋದಿಲ್ಲ, ಒಂದೇ ವರ್ಷ, ಅಲ್ಲೇ ಇದ್ದು ಕಲಿಯೋದು. ಖರ್ಚು ಆ 12 ಲಕ್ಷದ ಹತ್ತಿರಕ್ಕೂ ಬರಲ್ಲ. ಕಲಿತು ಹೊರಬಂದವರಲ್ಲಿ ಕೆಲವರಿಗಾದರೂ ತಿರುಗಾಟದ ತಂಡದಲ್ಲಿ ಜಾಗ. ಊರೂರು ಸುತ್ತಿ ಆಡಿ, ಸಂಭಾವನೆ ತಗೊಂಡು, ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳಬಹುದು.

ಹಾಗಂತ ಆಮೇಲಿನ ದಾರಿ ಸುಲಭ ಅಂತಲ್ಲ. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಂತ ಹೆಸರು ಹೇಳೋದು ಸುಲಭ. ಅದೇ ಶಾಲೆಯಲ್ಲಿ ಕಲಿತ ಬಹುಪಾಲು ಜನರ ಬದುಕು ಶಾಲೆಯ ನಾಟಕ ಮೇಷ್ಟ್ರ ಕೆಲಸ, ಮಕ್ಕಳ ಬೇಸಿಗೆ ಶಿಬಿರ, ಧಾರಾವಾಹಿಯ ಸಣ್ಣ ಪಾತ್ರ, ಡಬ್ಬಿಂಗು, ಊರಿನ ತೋಟ ಇವುಗಳಲ್ಲಿ ಹಂಚಿಹೋಗಿರುತ್ತೆ.

ತೋಟದ ಮಾತು ಬಂತಲ್ಲ, ಅದೇ ನಿಜವಾದ ವಿಷಯ. ಸಾಗರದಿಂದ ತೀರ್ಥಹಳ್ಳಿವರೆಗೆ ನಾಟಕ, ಆಟ ಎಲ್ಲದರ ಬೆನ್ನ ಹಿಂದೆ ಅಡಿಕೆ ಇತ್ತು. ಸುಬ್ಬಣ್ಣನವರೂ ಅಡಿಕೆ ಕೃಷಿಕರೇ. ಮನೆಯಂಗಳದ ಹರಕೆ ಆಟಕ್ಕೆ ದುಡ್ಡು ಬರ್ತಿದ್ದದ್ದೂ ಅಡಿಕೆ ಕೊಯ್ಲಿಂದಲೇ. ಮಗ ನಾಟಕ ಅಂತ ಹೋಗಿ ಸೋತು ಬಂದರೂ ತೋಟ ಇರುತ್ತಿತ್ತು. ಈಗ ಎಲೆಚುಕ್ಕಿ ರೋಗ ಈ ಮೂರೂ ತಾಲ್ಲೂಕನ್ನು ಹಿಡಿದಿದೆ. ಭಾವನ ತೋಟ ಇರೋದು ಒಂದೂವರೆ ಎಕರೆ, ಅದರಲ್ಲಿ ಅರ್ಧದ ಸೋಗೆ ಆಗಲೇ ಹಳದಿ. ಸಾಲ ಮಾಡಿದರೆ ಬ್ಯಾಂಕು ಕೊನೆಗೆ ನೋಡೋದು ಆ ತೋಟದ ಪಹಣಿಯನ್ನೇ.

ಎಂಜಿನಿಯರಿಂಗಿಗೂ ಗ್ಯಾರಂಟಿ ಇಲ್ಲವಲ್ಲ ಅಂತ ನೀವು ಕೇಳಬಹುದು. ಇಲ್ಲ, ಒಪ್ಪಿದೆ. ಆದರೆ ನಾಟಕದವರಿಗೆ ಮೊದಲ ನಾಲ್ಕೈದು ವರ್ಷ ಬೇಕಾಗೋದು ದೊಡ್ಡ ಸಂಬಳಕ್ಕಿಂತ ಕಡಿಮೆ ಖರ್ಚು. ರಿಹರ್ಸಲ್ಲಿಗೆ ಸಂಜೆ ಬಿಡುವಿರಬೇಕು, ಒಲ್ಲದ ಪಾತ್ರ ಬಿಡೋ ಧೈರ್ಯ ಇರಬೇಕು. ಐದನೇ ತಾರೀಖು 15,860 ಕಟ್ಟಬೇಕಾದ ಇಪ್ಪತ್ತೆರಡರ ಹುಡುಗಿ ಯಾರಿಗೂ "ಇಲ್ಲ, ಆಗಲ್ಲ" ಅನ್ನೋಕಾಗಲ್ಲ. ಕ್ಯಾಮೆರಾ ಇರೋ ಕಡೆ ಹೆಣ್ಣುಮಕ್ಕಳಿಗೆ ಆ ಮಾತು ಎಷ್ಟು ಮುಖ್ಯ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಸಹಿ ಹಾಕಲ್ಲ ಅಂದೆ. ಬದಲಿಗೆ ಹೇಳಿದ್ದು: ಸಾಗರದಲ್ಲಿ ಬಿಎ ಮಾಡು, ಜೊತೆಗೆ ಸಿಕ್ಕ ತಂಡದಲ್ಲಿ ಆಡು. ಆಮೇಲೆ ಹೆಗ್ಗೋಡಿನ ಒಂದು ವರ್ಷಕ್ಕೆ ಅರ್ಜಿ ಹಾಕು, ಆ ಖರ್ಚು ನನ್ನದು, ಸಾಲ ಅಲ್ಲ. ಇನ್ನೂ ಆಸೆ ಇದ್ದರೆ ದೆಹಲಿಯ ಎನ್‌ಎಸ್‌ಡಿ ಇದೆ. ಅವರು ಕೇಳೋದು ಡಿಗ್ರಿ ಮತ್ತು ನಾಟಕದ ಅನುಭವ, ಸೀಟು ಸಿಕ್ಕರೆ ತಿಂಗಳ ಸ್ಕಾಲರ್‌ಶಿಪ್ ಅವರೇ ಕೊಡ್ತಾರೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ನೀನು ಹೇಳಿದ್ದರಲ್ಲಿ ತಪ್ಪಿಲ್ಲ. ಆದ್ರೆ ನನಗೆ ಈ ಊರು ಬಿಟ್ಟು ಹೋಗ್ಬೇಕಿತ್ತು" ಅಂದಳು. ನನ್ನ ಲೆಕ್ಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ನಾನೂ ಹದಿನೆಂಟಕ್ಕೇ ಊರು ಬಿಟ್ಟವನು, ಉತ್ತರ ಹೊಳೆಯಲಿಲ್ಲ. ತಿರುಗಾಟ ಕರ್ನಾಟಕವೆಲ್ಲ ಸುತ್ತುತ್ತೆ ಅಂದೆ. "ಅದಕ್ಕಿನ್ನೂ ನಾಲ್ಕು ವರ್ಷ ಇದೆ" ಅಂದಳು.

ಬಿಎಗೆ ಸೇರಿದ್ದಾಳೆ. ದಿನಾ ಬಸ್ಸು. ಭಾವನಿಗೆ ನಿರಾಳ. ಅಕ್ಕ ಮಾತ್ರ, "ಮೂರು ವರ್ಷ ಆದ್ಮೇಲೆ ನೀನು ಮಾತು ತಪ್ಪೋ ಹಾಗಿಲ್ಲ" ಅಂದಿದ್ದಾಳೆ. ಅವಳ ಹೆಸರಲ್ಲಿ ತಿಂಗಳಿಗೆ 3,000ದ ಆರ್‌ಡಿ ತೆಗೆದಿದ್ದೇನೆ, 36 ತಿಂಗಳಿಗೆ. ಪಾಸ್‌ಬುಕ್ಕು ಅಕ್ಕನ ಕೈಲೇ ಇದೆ.