ದುಡ್ಡು ಕೇಳೋದೂ ಒಂದು ಕೆಲಸ

ಏಳು ವರ್ಷ ಬೆಂಗಳೂರಿನ ಕಂಪನಿಯೊಂದರಲ್ಲಿ ಕೋಡ್ ಬರೆದುಕೊಂಡಿದ್ದವನು ನಾನು. ಆ ಕೆಲಸ ಬಿಟ್ಟು, ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಸ್ವಂತ ವ್ಯವಹಾರ ಶುರು ಮಾಡಿದೆ. ಪಾಲುದಾರರಿಲ್ಲ, ನೌಕರರಿಲ್ಲ. ಮಾಲೀಕನೂ ನಾನೇ, ಆಫೀಸ್ ಬಾಯ್ ಕೂಡ ನಾನೇ. ಕೈಯಲ್ಲಿದ್ದದ್ದು ಎಂಟು ತಿಂಗಳ ಖರ್ಚಿಗಾಗುವಷ್ಟು ಉಳಿತಾಯ, ಜೊತೆಗೆ ಹೆಂಡತಿಯ ಸಂಬಳ ಇದೆಯಲ್ಲ ಅನ್ನೋ ಧೈರ್ಯ.

ಮೊದಲ ಮೂರು ತಿಂಗಳು ರೂಮಿನ ಬಾಗಿಲು ಹಾಕಿಕೊಂಡು ಕೋಡ್ ಬರೆದೆ. ಮಾರಾಟದ ಲೆಕ್ಕ ತೋರಿಸೋಕೆ ಬಣ್ಣಬಣ್ಣದ ಗ್ರಾಫ್‌ಗಳು! ಅದನ್ನು ಹೊತ್ತುಕೊಂಡು ನನ್ನೂರು ತಿಪಟೂರಿನ ಪರಿಚಯದ ದಿನಸಿ ಅಂಗಡಿಗೆ ಹೋದೆ. ಅಂಗಡಿಯವರು ಎಲ್ಲ ನೋಡಿ, “ಚೆನ್ನಾಗೈತೆ ಕಣಪ್ಪ. ಉದ್ರಿ ಎಲ್ಲಿ ಬರ್ಕೊಳ್ಳೋದು?” ಅಂದರು. ನನ್ನ ಸಾಫ್ಟ್‌ವೇರಿನಲ್ಲಿ ಉದ್ರಿಗೆ ಜಾಗವೇ ಇರಲಿಲ್ಲ. ಬಿಲ್ಲಿನಲ್ಲಿ ಸಾಮಾನಿನ ಹೆಸರು ಕನ್ನಡದಲ್ಲೇ ಬರಬೇಕು ಅಂತಲೂ ಹೇಳಿದರು. ಅವರ ಹತ್ತಿರ ಇದ್ದ ಅಗ್ಗದ ಥರ್ಮಲ್ ಪ್ರಿಂಟರಿಗೆ ಕನ್ನಡ ಅಕ್ಷರ ಗೊತ್ತಿಲ್ಲ. ಇಡೀ ಬಿಲ್ಲನ್ನೇ ಚಿತ್ರವಾಗಿ ಮಾಡಿ ಕಳಿಸಬೇಕಾಯಿತು. ಅದಕ್ಕೆ ಒಂದು ವಾರ ಹಿಡಿಯಿತು. ಗ್ರಾಫ್‌ಗಳನ್ನು ಅವರು ಇವತ್ತಿನವರೆಗೂ ತೆರೆದಿಲ್ಲ.

ಉದ್ರಿ ಪಟ್ಟಿ ಮಾತ್ರ ಅವರಿಗೆ ಬಹಳ ಹಿಡಿಸಿತು. ಯಾರು ಎಷ್ಟು ಬಾಕಿ, ಎಷ್ಟು ದಿನದಿಂದ ಅನ್ನೋದು ಅದರಲ್ಲಿ ಬರುತ್ತದೆ. ಒಂದು ಬಟನ್ ಒತ್ತಿದರೆ ಗಿರಾಕಿಯ ವಾಟ್ಸಾಪ್‌ಗೆ ವಿನಯದ ಒಂದು ನೆನಪೋಲೆ ಹೋಗುತ್ತದೆ. ಅದರ ಒಕ್ಕಣೆಯನ್ನು ನಾನೇ ಬರೆದುಕೊಟ್ಟಿದ್ದೆ. “ಬಾಯಿಬಿಟ್ಟು ಕೇಳೋಕೆ ಸಂಕೋಚ ಆಗ್ತಿತ್ತು, ಒಳ್ಳೇದಾಯ್ತು” ಅಂದರು. ನಾನು ಬೀಗಿದೆ.

ಅಷ್ಟರಲ್ಲಿ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಿಂದ ಒಂದು ಲಕ್ಷ ರೂಪಾಯಿಯ ಕೆಲಸ ಸಿಕ್ಕಿತು. ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷದ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಅವರಿಗೆ ಜಿಎಸ್‌ಟಿ ಬಿಲ್ಲೇ ಬೇಕಿತ್ತು. ನೋಂದಣಿ ಮಾಡಿಸಿದೆ. ಮಾರ್ಚ್ ಕೊನೆಗೆ ಕೆಲಸ ಮುಗಿಸಿ, 18% ತೆರಿಗೆ ಸೇರಿಸಿ 1,18,000 ರೂಪಾಯಿ ಬಿಲ್ ಕಳಿಸಿದೆ. ದುಡ್ಡು ಬಂದೇಬಿಟ್ಟಿತು ಅನ್ನೋ ಹಾಗೆ ಅವತ್ತು ಮನೆಯವರನ್ನೆಲ್ಲ ಹೋಟೆಲಿಗೆ ಕರೆದುಕೊಂಡು ಹೋದೆ.

ದುಡ್ಡು ಬರಲಿಲ್ಲ, ಏಪ್ರಿಲ್ 20 ಬಂತು. ಮಾರ್ಚ್ ತಿಂಗಳ ಬಿಲ್ಲಿನ ಜಿಎಸ್‌ಟಿ ಕಟ್ಟಲು ಅದೇ ಕಡೇ ದಿನ. ಗಿರಾಕಿ ಹಣ ಕೊಟ್ಟಿದ್ದಾನೋ ಇಲ್ಲವೋ, ಅದು ಸರ್ಕಾರಕ್ಕೆ ಸಂಬಂಧವಿಲ್ಲ. ನಾನು ಇನ್ನೂ ಮುಖವೇ ನೋಡದ ದುಡ್ಡಿನ ಮೇಲೆ 18,000 ರೂಪಾಯಿಯನ್ನು ಉಳಿತಾಯದಿಂದ ತೆಗೆದು ಕಟ್ಟಿದೆ.

ಮೇ ಕಳೆಯಿತು, ಜೂನ್ ಬಂತು. ಹೆಂಡತಿ ಮೊದಮೊದಲು “ಬಂತಾ?” ಅಂತ ಕೇಳುತ್ತಿದ್ದಳು. “ಪ್ರೋಸೆಸ್‌ನಲ್ಲಿದೆಯಂತೆ” ಅಂತಿದ್ದೆ. ಅದು ಸುಳ್ಳು. ನಾನು ಫೋನೇ ಮಾಡಿರಲಿಲ್ಲ. ಕೇಳಿದರೆ ದುಡ್ಡಿಗೆ ಗತಿಯಿಲ್ಲದವನು ಅಂದುಕೊಂಡಾರು, ಮುಂದಿನ ಕೆಲಸ ಕೊಡದೇ ಹೋದಾರು ಅನ್ನೋ ಭಯ. ಸುಮ್ಮನೆ ಕೂರಲಾಗದೆ ಮತ್ತೆ ಕೋಡ್ ಬರೆಯುತ್ತಾ ಕೂತೆ. ಆಮೇಲೆ ಅವಳು ಕೇಳೋದನ್ನೇ ಬಿಟ್ಟಳು. ಆ ತಿಂಗಳ ಮನೆ ಬಾಡಿಗೆಯನ್ನು ಅವಳೇ ಕಟ್ಟಿದ್ದು ಬ್ಯಾಂಕಿನ ಮೆಸೇಜ್ ನೋಡಿ ತಿಳಿಯಿತು.

ಅವತ್ತು ರಾತ್ರಿ ನಿಜ ಹೇಳಿದೆ. ಅವಳಿಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. “ಊರಿನ ಉದ್ರಿಯನ್ನೆಲ್ಲ ಕೇಳೋಕೆ ಮೆಸೇಜ್ ಬರೆದುಕೊಟ್ಟೆ. ನಿನ್ನದನ್ನ ಕೇಳೋಕೆ ನಾಚಿಕೇನಾ? ನನ್ನ ಹತ್ರಾನೂ ಮುಚ್ಚಿಟ್ಟೆಯಲ್ಲ” ಅಂದಳು. ಉತ್ತರ ಇರಲಿಲ್ಲ.

ಮರುದಿನ ಫೋನ್ ಮಾಡಿದೆ. ಅಕೌಂಟ್ಸ್ ವಿಭಾಗದವರು ಬಿಲ್ ಹುಡುಕಿ, “ಸರ್, ಇದರಲ್ಲಿ ಪರ್ಚೇಸ್ ಆರ್ಡರ್ ನಂಬರ್ ಇಲ್ಲ. ಅದಕ್ಕೇ ಪಕ್ಕಕ್ಕಿಟ್ಟಿದ್ವಿ. ನೀವು ಕೇಳಲೇ ಇಲ್ಲವಲ್ಲ” ಅಂದರು. ಮಾತಾಡಿದ್ದು ನಾಲ್ಕೇ ನಿಮಿಷ. ನಂಬರ್ ಸೇರಿಸಿ ಮತ್ತೆ ಕಳಿಸಿದೆ. ಹತ್ತು ದಿನದಲ್ಲಿ ಟಿಡಿಎಸ್ ಮುರಿದುಕೊಂಡು ಉಳಿದದ್ದು ಬಂತು. ಅವರದ್ದೂ ಒಂದು ಮೇಲ್ ಹಾಕದ ತಪ್ಪಿತ್ತು, ನಿಜ. ಆದರೆ ಮೂರು ತಿಂಗಳು ನಿದ್ದೆಗೆಟ್ಟವನು ನಾನು.

ಈಗ ಅರ್ಧ ಹಣ ಮುಂಗಡ ತಗೊಂಡೇ ಕೆಲಸ ಶುರು. ಬಿಲ್ಲಿನಲ್ಲಿ ಏನೇನಿರಬೇಕು ಅಂತ ಮೊದಲೇ ಕೇಳಿಕೊಳ್ತೀನಿ. ತೆರಿಗೆಗೆ ಅಂತ ಬೇರೆ ಖಾತೆ ಇಟ್ಟಿದ್ದೀನಿ. ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿಯನ್ನೂ ಮಾಡಿಸಿದೆ, ಅದಕ್ಕೆ ಶುಲ್ಕವಿಲ್ಲ. ನಮ್ಮಂಥ ಸಣ್ಣವರ ಬಾಕಿಯನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆಯೇ ಇದೆ. ಆದರೆ ಬಾಯಿಬಿಟ್ಟು ಕೇಳದವನಿಗೆ ಯಾವ ಕಾಯ್ದೆಯಿಂದ ಏನು ಉಪಯೋಗ?

ಸೋಮವಾರ ಬೆಳಗ್ಗೆ ಒಂದು ಗಂಟೆ ಕೋಡ್ ಮುಟ್ಟಲ್ಲ, ಬಾಕಿ ಇರುವವರಿಗೆ ಫೋನ್ ಮಾಡೋದಷ್ಟೇ ಕೆಲಸ. ಈಗಲೂ ಮೊದಲ ರಿಂಗಿಗೆ ಎದೆ ಸ್ವಲ್ಪ ಹೊಡೆದುಕೊಳ್ಳುತ್ತೆ. ಹೆಂಡತಿ ಮತ್ತೆ “ಬಂತಾ?” ಅಂತ ಕೇಳೋಕೆ ಶುರು ಮಾಡಿದ್ದಾಳೆ. ಬರದಿದ್ದರೆ “ಇಲ್ಲ” ಅಂತಲೇ ಹೇಳ್ತೀನಿ.