ಖಾಲಿ ನಮೂನೆ

ಪುಣೆಯಲ್ಲಿ ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಬಿ.ಎಸ್‌ಸಿ. ಓದಿದ ತಪ್ಪಿಗೆ ಕಚೇರಿಯ ಗಣಕಗಳ ಉಸಾಬರಿಯೂ ನಮ್ಮ ಕೊರಳಿಗೇ ಬಿದ್ದಿದೆ. ಕಳೆದ ವರ್ಷ ಅದರಲ್ಲಿ ನಾವು ಮಾಡಿಕೊಂಡ ಎಡವಟ್ಟನ್ನು ಸಂಘದ ಬಂಧುಗಳ ಮುಂದೆ ಒಪ್ಪಿಕೊಳ್ಳುತ್ತೇವೆ.

ವಿಂಡೋಸ್ ಗಣಕದೊಳಗೆ ಡಬ್ಲ್ಯು.ಎಂ.ಐ. ಎಂಬ ದಫ್ತರವೊಂದಿದೆ. ಯಂತ್ರದಲ್ಲಿ ಏನೇನಿದೆಯೆಂದು ಕೇಳಿದವರಿಗೆ ಹೇಳುವುದು ಅದರ ಕೆಲಸ. ಅಲ್ಲಿ ‘ಕ್ಲಾಸು’ ಎಂದರೆ ನಮ್ಮ ಅಚ್ಚಾದ ನಮೂನೆಯಂತೆ. ತುಂಬಿದ ಒಂದೊಂದು ಹಾಳೆ ಒಂದೊಂದು ‘ಇನ್‌ಸ್ಟನ್ಸು’. ಒಂದು ನಮೂನೆಯಿಂದ ಮರಿ ನಮೂನೆಗಳನ್ನೂ ಹುಟ್ಟಿಸಬಹುದು.

ಹಿಂದೆ ಯಾರೋ ಸಾಮಾನಿನ ಲೆಕ್ಕಕ್ಕೆಂದು ಮಾಡಿಟ್ಟ ಕ್ಲಾಸೊಂದು ನಮ್ಮ 40 ಯಂತ್ರಗಳಲ್ಲೂ ಇತ್ತು. ಅದರ ಹೆಸರಿನಲ್ಲಿ ತುಂಬಿದ ಹಾಳೆ ಒಂದೂ ಇರಲಿಲ್ಲ. ಕಸವೆಂದುಕೊಂಡೆವು. ಪವರ್‌ಶೆಲ್‌ನಲ್ಲಿ ನಾಲ್ಕು ಸಾಲು ಬರೆದು, ಕ್ಲಾಸನ್ನು ಹೆಸರು ಹಿಡಿದು ಕರೆದು, ‘ಡಿಲೀಟ್’ ಎಂದೆವು. ವ್ಯವಸ್ಥೆಯ ಸ್ವಂತ ಕ್ಲಾಸುಗಳಾಗಿದ್ದರೆ ಅದು ಬಿಟ್ಟುಕೊಡುತ್ತಿರಲಿಲ್ಲ. ಇದನ್ನು ಮರುಮಾತಿಲ್ಲದೆ ಅಳಿಸಿತು.

ಊಟದ ಬಿಡುವಿನ ನಂತರ ಪಕ್ಕದ ಮೇಜಿನ ಮೇಡಂ ಎದ್ದು ಬಂದರು. ‘ರಿಪೇರಿ ದಾಖಲೆ ಕಾಣಿಸುತ್ತಿಲ್ಲವಲ್ಲ?’ ಎಂದರು. ನಮ್ಮ ಎದೆ ಧಸಕ್ಕೆಂದಿತು. ಅವರು ಮೂರು ವರ್ಷ ತುಂಬಿದ್ದು ಮರಿ ಕ್ಲಾಸಿನಲ್ಲಿ. ತಾಯಿಯನ್ನು ಅಳಿಸಿದರೆ ಮರಿಗಳೂ, ಅವುಗಳ ಹಾಳೆಗಳೂ ಒಟ್ಟಿಗೆ ಹೋಗುತ್ತವೆ. ಅಳಿಸುವ ಮುಂಚೆ ಮರಿಗಳೆಷ್ಟೆಂದು ಕೇಳಲು ಒಂದು ಸಾಲು ಸಾಕಿತ್ತು. ದಫ್ತರದ ನಕಲು ತೆಗೆದಿಡಲು ಇನ್ನೊಂದು. ನಾವು ಎರಡನ್ನೂ ಬರೆದಿರಲಿಲ್ಲ.

ಕ್ಲಾಸುಗಳ ವಿವರಣೆಯನ್ನು ಬರೆದಿಡುವ ‘ಮಾಫ್’ ಕಡತ ಪುಣ್ಯಕ್ಕೆ ಉಳಿದಿತ್ತು. ಅದನ್ನು ‘ಮಾಫ್‌ಕಾಂಪ್’ಗೆ ಕೊಟ್ಟೊಡನೆ ತಾಯಿಯೂ ಮರಿಗಳೂ ಎದ್ದು ಕುಳಿತವು. ಅಂಕಣಗಳೆಲ್ಲ ಇದ್ದಲ್ಲೇ ಇದ್ದವು. ಆದರೆ ಹಾಳೆಗಳು ಬರಲಿಲ್ಲ. ಮೇಲಧಿಕಾರಿಗಳ ಮುಂದೆ ತಪ್ಪೊಪ್ಪಿಕೊಂಡು, ಹಳೆಯ ಬಿಲ್ಲುಗಳ ಕಟ್ಟು ಬಿಚ್ಚಿ, ಮೇಡಂ ಜೊತೆ ಕುಳಿತು ಎರಡು ತಿಂಗಳು ಮತ್ತೆ ತುಂಬಿದೆವು. ಆ ತಾಯಿ ಒಮ್ಮೆಯೂ ಬೈಯಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಆ ದಿನಗಳಲ್ಲೇ ಒಂದು ಸಂಜೆ ಮಗಳು ಶಾಲೆಯ ಅರ್ಜಿ ತುಂಬುತ್ತಿದ್ದಳು. ‘ಅಪ್ಪಾ, ಮಾತೃಭಾಷೆ ಕನ್ನಡ ಅಂತಲೇ ಬರೀಲಾ?’ ಎಂದು ಕೇಳಿದಳು, ಮರಾಠಿಯಲ್ಲಿ. ‘ಬರಿ’ ಎಂದೆವು. ಅಂಕಣ ತುಂಬಿತು. ಈಗ ಪ್ರತಿ ಭಾನುವಾರ ಅವಳು ಊರಿನ ಅಜ್ಜಿಯೊಡನೆ ಫೋನಿನಲ್ಲಿ ಅರ್ಧ ಗಂಟೆ ಕನ್ನಡ ಮಾತಾಡುತ್ತಾಳೆ. ತಡವರಿಸುತ್ತಾಳೆ, ಅಜ್ಜಿ ತಿದ್ದುತ್ತಾರೆ. ಹಾಳೆ ನಿಧಾನವಾಗಿ ತುಂಬುತ್ತಿದೆ.